ರೋಗ ಯಾರ ಮನೆಯಲ್ಲಿದೆ? – ಸಿಡುಬಿನ ಕಾಲದ ಒಂದು ಪಾಠ



ಲೂರ್ದು ಮಾತೆಯ ಹಬ್ಬವಾದ ಫೆಬ್ರವರಿ 11ನ್ನು ಧರ್ಮಸಭೆಯು 1993ರಿಂದ ವಿಶ್ವ ರೋಗಿಗಳ ದಿನವಾಗಿ ಆಚರಿಸುತ್ತಾ ಬಂದಿದೆ. ಅಂದು ನಮ್ಮ ಧರ್ಮಕೇಂದ್ರಗಳಲ್ಲಿ ರೋಗಿಗಳಿಗಾಗಿ ಬಲಿಪೂಜೆ ನಡೆಯುತ್ತದೆ, ತೈಲಲೇಪನ ನಡೆಯುತ್ತದೆ, ಯುವಕರು ಆಸ್ಪತ್ರೆಗೆ ಹೋಗಿ ಹಣ್ಣು ಹಂಚಿ ಬರುತ್ತಾರೆ. ಹಾಸಿಗೆ ಹಿಡಿದವರನ್ನು ಕಾಣಲು ಹೋಗುವುದು ನಮಗೆ ಚೆನ್ನಾಗಿ ಗೊತ್ತು. ಆದರೆ ಅಂಟುರೋಗದ ಕಾಲದಲ್ಲಿ ಇದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ. ರೋಗ ಯಾರ ಮನೆಯಲ್ಲಿದೆ, ಆ ಮನೆಗೆ ಯಾರೆಲ್ಲ ಬಂದು ಹೋದರು ಎಂದು ತಿಳಿಯುವ ಕೆಲಸ. ಕೊರೋನಾ ಕಾಲದಲ್ಲಿ ಇದಕ್ಕೆ 'ಸಂಪರ್ಕಿತರ ಪತ್ತೆ' ಎಂಬ ಹೆಸರು ಬಂತು. ಹೆಸರು ಹೊಸದಾದರೂ ಕೆಲಸ ಹಳೆಯದು. ಅದನ್ನು ಸರ್ಕಾರವೊಂದೇ ಮಾಡಿ ಗೆದ್ದ ಉದಾಹರಣೆ ಇತಿಹಾಸದಲ್ಲಿ ನನಗೆ ಕಂಡಿಲ್ಲ.

ನೈಜೀರಿಯಾ ದೇಶದ ಪೂರ್ವಭಾಗದಲ್ಲಿ ಓಗೋಜ ಎಂಬ ಪ್ರಾಂತ್ಯವಿತ್ತು. 1966ರ ಡಿಸೆಂಬರ್ ತಿಂಗಳ ಆರಂಭದಲ್ಲಿ ಅಲ್ಲಿಂದ ಸಿಡುಬಿನ ಸುದ್ದಿ ಬಂತು. ಸುದ್ದಿ ತಂದದ್ದು ಮಿಶನರಿಯೊಬ್ಬರ ರೇಡಿಯೋ. ಸುದ್ದಿ ತಲುಪಿದ್ದು ವಿಲಿಯಂ ಫೇಗಿ ಎಂಬ ಅಮೆರಿಕದ ವೈದ್ಯರಿಗೆ. ಅವರು ಲುಥೆರನ್ ಸಭೆಯ ಮಿಶನ್ ವೈದ್ಯರಾಗಿ ಆ ಸೀಮೆಯಲ್ಲೇ ದುಡಿದವರು; ಆಗ ಸಿಡುಬು ನಿರ್ಮೂಲನ ಕಾರ್ಯಕ್ರಮದಲ್ಲಿದ್ದರು. ಅಂದಿನ ನಿಯಮದ ಪ್ರಕಾರ ಊರಿನ ನೂರಕ್ಕೆ ಎಂಬತ್ತು ಮಂದಿಗಾದರೂ ಲಸಿಕೆ ಹಾಕಬೇಕು. ಅಷ್ಟು ಲಸಿಕೆ ಅವರ ಬಳಿ ಇರಲಿಲ್ಲ. ಇರುವುದನ್ನು ಎಲ್ಲಿ ಹಾಕಬೇಕು? ಅದನ್ನು ತಿಳಿಯಬೇಕಾದರೆ ರೋಗ ಎಲ್ಲೆಲ್ಲಿದೆ ಎಂದು ಗೊತ್ತಾಗಬೇಕು. ಹಳ್ಳಿಗಳಲ್ಲಿ ದೂರವಾಣಿ ಇಲ್ಲ, ರಸ್ತೆ ಇಲ್ಲ.

ಆ ಭಾಗದ ಮಿಶನರಿಗಳಿಗೆ ಒಂದು ಅಭ್ಯಾಸವಿತ್ತು. ಪ್ರತಿದಿನ ಸಂಜೆ ಏಳು ಗಂಟೆಗೆ ಎಲ್ಲರೂ ರೇಡಿಯೋ ಮುಂದೆ ಕುಳಿತು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಫೇಗಿ ಮತ್ತು ಸಂಗಡಿಗರು ಆ ಸಂಜೆ ನಕ್ಷೆ ಹರಡಿಕೊಂಡು ಕುಳಿತರು. ಒಬ್ಬೊಬ್ಬ ಮಿಶನರಿಗೂ ಇಷ್ಟಿಷ್ಟು ಪ್ರದೇಶವೆಂದು ಹಂಚಿದರು. ನಿಮ್ಮ ಪಾಲಿನ ಪ್ರತಿ ಹಳ್ಳಿಗೂ ಆಳು ಕಳುಹಿಸಿ, ಸಿಡುಬು ಇದೆಯೇ ಎಂದು ಕೇಳಿ ತರಿಸಿ ಎಂದರು. ಮರುದಿನ ಸಂಜೆ ಅದೇ ಹೊತ್ತಿಗೆ ಉತ್ತರ ಬಂತು. ನಾಲ್ಕು ಹಳ್ಳಿಗಳಲ್ಲಿ ರೋಗವಿತ್ತು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಇಡೀ ಪ್ರದೇಶದ ಚಿತ್ರ ಕಣ್ಣೆದುರಿಗಿತ್ತು!

ಆ ನಾಲ್ಕು ಹಳ್ಳಿಗಳಿಗೆ ಮೊದಲು ಲಸಿಕೆ ಹಾಕಿದರು. ಆಮೇಲೆ ಕೇಳಿದ ಪ್ರಶ್ನೆಗಳು ಇನ್ನೂ ಮುಖ್ಯ. ಈ ಹಳ್ಳಿಯವರು ಯಾವ ಸಂತೆಗೆ ಹೋಗುತ್ತಾರೆ? ಇವರ ನೆಂಟರು ಎಲ್ಲಿದ್ದಾರೆ? ಹೀಗೆ ಕೇಳಿ, ರೋಗ ಮುಂದೆ ಹೋಗಬಹುದಾದ ಮೂರು ಸ್ಥಳಗಳನ್ನು ಊಹಿಸಿ ಉಳಿದ ಲಸಿಕೆಯನ್ನು ಅಲ್ಲಿ ಹಾಕಿದರು. ಆ ಮೂರರಲ್ಲಿ ಎರಡು ಕಡೆ ಸಿಡುಬು ಆಗಲೇ ಒಳಹೊಕ್ಕಿತ್ತು ಎಂದು ಅನಂತರ ತಿಳಿಯಿತು; ಆದರೆ ಅದು ತಲೆಯೆತ್ತುವ ಹೊತ್ತಿಗೆ ಸುತ್ತಲಿನವರಿಗೆ ಲಸಿಕೆಯಾಗಿತ್ತು. ಅರ್ಧದಷ್ಟು ಜನರಿಗೂ ಲಸಿಕೆ ಸಿಗದಿದ್ದರೂ ಸಿಡುಬು ಅಲ್ಲಿ ನಿಂತುಹೋಯಿತು. ಫೇಗಿ ಯೌವನದಲ್ಲಿ ಕಾಡ್ಗಿಚ್ಚು ನಂದಿಸುವ ಕೆಲಸ ಮಾಡಿದ್ದವರು. ಬೆಂಕಿಯ ಸುತ್ತ ಒಣಗಿದ ಸೌದೆಯನ್ನು ತೆಗೆದುಬಿಟ್ಟರೆ ಬೆಂಕಿ ತಾನಾಗಿ ಆರುತ್ತದೆ ಎಂಬುದು ಅವರಿಗೆ ಅಲ್ಲಿಂದಲೇ ಗೊತ್ತಿತ್ತು.

ಗಮನಿಸಬೇಕಾದದ್ದು ಏನೆಂದರೆ, ಆ ರೇಡಿಯೋ ಜಾಲವನ್ನು ಯಾರೂ ಸಿಡುಬಿಗಾಗಿ ಕಟ್ಟಿರಲಿಲ್ಲ. ದೂರ ದೂರ ಇದ್ದವರು ಪರಸ್ಪರ ಕ್ಷೇಮ ಕೇಳಲು ಕಟ್ಟಿಕೊಂಡದ್ದು ಅದು. ಜೊತೆಗೆ, ಮಿಶನರಿಗಳು ಕಳುಹಿಸಿದ ಆಳಿಗೆ ಹಳ್ಳಿಯ ಜನ ನಿಜ ಹೇಳಿದರು. ಸರ್ಕಾರದ ಜೀಪಿಗೆ ಹೇಳುತ್ತಿದ್ದರೇ? ಅನುಮಾನ.

ಕ್ರೈಸ್ತರ ಗುಂಪು ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಾಗುತ್ತದೆ ಎಂದು ಭಾವಿಸಬೇಡಿ. ಕೆಲವೇ ತಿಂಗಳ ನಂತರ, 1967ರಲ್ಲಿ, ಅದೇ ಪೂರ್ವ ನೈಜೀರಿಯಾದ ಅಬಕಲಿಕಿ ಪಟ್ಟಣದಲ್ಲಿ 32 ಮಂದಿಗೆ ಸಿಡುಬು ತಗಲಿತು. ಅವರಲ್ಲಿ ಬಹುತೇಕ ಎಲ್ಲರೂ ಫೇತ್ ಟ್ಯಾಬರ್ನಕಲ್ ಎಂಬ ಒಂದೇ ಸಭೆಗೆ ಸೇರಿದವರು. ಔಷಧವನ್ನೂ ಲಸಿಕೆಯನ್ನೂ ನಿರಾಕರಿಸುವುದು ಅವರ ಬೋಧನೆಯಾಗಿತ್ತು. ಒಟ್ಟಾಗಿ ಪ್ರಾರ್ಥಿಸುತ್ತಿದ್ದರು, ಒಬ್ಬರ ಮನೆಗೆ ಒಬ್ಬರು ಹೋಗುತ್ತಿದ್ದರು. ರೋಗ ಅದೇ ದಾರಿಯಲ್ಲಿ ನಡೆಯಿತು. ಒಗ್ಗಟ್ಟು ಎರಡೂ ಕೆಲಸ ಮಾಡಬಲ್ಲದು.

ಇನ್ನು ನಮ್ಮ ದೇಶಕ್ಕೆ ಬರೋಣ. ನಮ್ಮ ಹಳ್ಳಿಗಳಲ್ಲಿ ಸಿಡುಬು ಬಂದರೆ 'ಅಮ್ಮ ಆಗಿದೆ' ಎನ್ನುತ್ತಿದ್ದರು. ಉತ್ತರ ಭಾರತದಲ್ಲಿ ಅದು ಶೀತಲಾ ಮಾತೆಯ ಆಗಮನ. ದೇವಿ ಬಂದ ಮನೆಯ ವಿಷಯವನ್ನು ಸರ್ಕಾರಿ ನೌಕರನಿಗೆ ಯಾರು ಹೇಳುತ್ತಾರೆ? 1973ರ ಹೊತ್ತಿಗೆ ದಕ್ಷಿಣದ ರಾಜ್ಯಗಳಲ್ಲಿ ರೋಗ ಬಹುಮಟ್ಟಿಗೆ ಮಾಯವಾಗಿತ್ತು. ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳಗಳಲ್ಲಿ ಅದು ಗಟ್ಟಿಯಾಗಿ ಬೇರೂರಿತ್ತು. ಆ ವರ್ಷದ ಶರತ್ಕಾಲದಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಹುಡುಕುವ ಕೆಲಸ ಆರಂಭವಾಯಿತು. ದಫ್ತರದಲ್ಲಿ ಇಲ್ಲದ ಸಾವಿರಾರು ರೋಗಿಗಳು ಮೊದಲ ಹುಡುಕಾಟದಲ್ಲೇ ಸಿಕ್ಕರು.

ಹುಡುಕುವವರ ಕೈಯಲ್ಲಿ ಸಿಡುಬಾದ ಮಗುವಿನ ಚಿತ್ರವಿದ್ದ ಒಂದು ಕಾರ್ಡು ಇರುತ್ತಿತ್ತು. ಮುಖಂಡರನ್ನಷ್ಟೇ ಕೇಳಿದರೆ 'ನಮ್ಮೂರಲ್ಲಿ ಅಂಥದ್ದೇನೂ ಇಲ್ಲ' ಎಂಬ ಉತ್ತರವೇ ಬರುತ್ತಿತ್ತು. ಶಾಲೆಯ ಮಕ್ಕಳಿಗೆ ಕಾರ್ಡು ತೋರಿಸಿದರೆ ಪಕ್ಕದ ಊರಿನ ಸುದ್ದಿಯೂ ಸೇರಿ ಹೊರಬರುತ್ತಿತ್ತು. ಸಂತೆಯೂ ಹಾಗೆಯೇ. ಸುದ್ದಿ ಕೊಟ್ಟವರಿಗೆ ಬಹುಮಾನವಿತ್ತು; ರೋಗ ಕಡಿಮೆಯಾದಂತೆ ಬಹುಮಾನ ಏರುತ್ತಾ ಹೋಗಿ ಕೊನೆಗೆ 1000 ರೂಪಾಯಿ ಆಯಿತು.

ರೋಗಿ ಸಿಕ್ಕ ಮೇಲೆ ಏನು ಮಾಡಿದರು? ಮನೆಗೆ ಹಗಲಿರುಳು ಕಾವಲು ಹಾಕಿದರು. ಕಾವಲುಗಾರರು ಪೊಲೀಸರಲ್ಲ, ಅದೇ ಊರಿನವರು. ಅವರಿಗೆ ಕೂಲಿ ಕೊಡುತ್ತಿದ್ದರು. ಮನೆಯೊಳಗೆ ಬರುವವರಿಗೆ ಬಾಗಿಲಲ್ಲೇ ಲಸಿಕೆ. ಮನೆಯವರು ಕೂಲಿಗೆ ಹೋಗಬೇಕಾದ ಬಡವರಾದರೆ ಅವರ ಊಟಕ್ಕೆ ವ್ಯವಸ್ಥೆ ಮಾಡಿದರು. ಈ ಕೊನೆಯ ಮಾತನ್ನು ದಯವಿಟ್ಟು ಎರಡು ಸಲ ಓದಿ. ಹೊಟ್ಟೆಗಿಲ್ಲದವನಿಗೆ ಮನೆಯಲ್ಲಿರು ಎಂದರೆ ಅವನು ಹಿಂಬಾಗಿಲಿನಿಂದ ಹೋಗುತ್ತಾನೆ. ಹೋದರೆ ತಪ್ಪು ಅವನದಲ್ಲ.

1974 ಭೀಕರ ವರ್ಷ. ಆ ಒಂದೇ ವರ್ಷದಲ್ಲಿ ದೇಶದಲ್ಲಿ 1,88,003 ಮಂದಿಗೆ ಸಿಡುಬಾಯಿತು. 31,000ಕ್ಕೂ ಹೆಚ್ಚು ಮಂದಿ ಸತ್ತರು. ಮೇ ತಿಂಗಳ ಒಂದು ವಾರದಲ್ಲಿ ಬಿಹಾರದಿಂದಲೇ 8,664 ರೋಗಿಗಳ ವರದಿ ಬಂತು. ಹುಡುಕಾಟ ಬಿಡಿ, ಹಿಂದಿನಂತೆ ಎಲ್ಲರಿಗೂ ಲಸಿಕೆ ಹಾಕಿ ಎಂದು ರಾಜ್ಯದ ಆರೋಗ್ಯ ಸಚಿವರು ಸಭೆಯಲ್ಲಿ ಪಟ್ಟುಹಿಡಿದರು. ಆಗ ತರುಣ ವೈದ್ಯನೊಬ್ಬ ಎದ್ದು, ನಮ್ಮ ಹಳ್ಳಿಯಲ್ಲಿ ಮನೆಗೆ ಬೆಂಕಿ ಬಿದ್ದರೆ ಎಲ್ಲರ ಮನೆಗೂ ನೀರು ಸುರಿಯುವುದಿಲ್ಲ, ಉರಿಯುವ ಮನೆಗೇ ಸುರಿಯುತ್ತೇವೆ ಎಂಬ ಅರ್ಥದ ಮಾತು ಆಡಿದನೆಂದು ಫೇಗಿ ಬರೆದಿದ್ದಾರೆ. ಅವರೂ ಆಗ ಭಾರತದಲ್ಲಿದ್ದರು. ಹುಡುಕಾಟಕ್ಕೆ ಇನ್ನೊಂದು ತಿಂಗಳ ಅವಕಾಶ ಸಿಕ್ಕಿತು. ಅಷ್ಟರಲ್ಲಿ ಅಂಕಿಗಳು ಇಳಿಯತೊಡಗಿದವು. ಜಮ್‌ಶೆಡ್‌ಪುರದ ರೈಲು ನಿಲ್ದಾಣದಿಂದ ರೋಗ ದೇಶದುದ್ದಕ್ಕೂ ಹರಡುತ್ತಿದೆ ಎಂದು ಗೊತ್ತಾದಾಗ ಟಾಟಾ ಕಂಪನಿ ತನ್ನ ವೈದ್ಯರನ್ನೂ ವಾಹನಗಳನ್ನೂ ಒದಗಿಸಿತು.

ಈ ಕಥೆಗೆ ಕಪ್ಪು ಮುಖವೂ ಇದೆ. ಕೊನೆಯ ಹಂತದಲ್ಲಿ ಕೆಲವು ಕಡೆ ರಾತ್ರಿ ಬಾಗಿಲು ಮುರಿದು, ಜನರನ್ನು ಹಿಡಿದು ಬಲವಂತವಾಗಿ ಲಸಿಕೆ ಹಾಕಿದ್ದುಂಟು. ರೋಗ ಹೋಯಿತಲ್ಲ ಎಂದು ಕೆಲವರು ಇದನ್ನು ಸಮರ್ಥಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಬಾಗಿಲು ಮುರಿದವನಿಗೆ ಮುಂದಿನ ಸಲ ಆ ಮನೆಯವರು ಯಾವ ಸತ್ಯವನ್ನೂ ಹೇಳುವುದಿಲ್ಲ.

ಭಾರತದ ಕೊನೆಯ ಸಿಡುಬು ರೋಗಿ ಪತ್ತೆಯಾದದ್ದು 1975ರ ಮೇ 24ರಂದು ಅಸ್ಸಾಮಿನ ಕರೀಂಗಂಜ್ ರೈಲು ನಿಲ್ದಾಣದಲ್ಲಿ. ಬಾಂಗ್ಲಾದೇಶದಿಂದ ಬಂದಿದ್ದ ಬಡ ಮಹಿಳೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಾಂಗ್ಲಾದೇಶದ ಭೋಲಾ ದ್ವೀಪದಲ್ಲಿ ಏಷ್ಯಾದ ಕೊನೆಯ ರೋಗಿ, ಒಂದು ಪುಟ್ಟ ಮಗು. ಸುದ್ದಿ ಕೊಟ್ಟವಳು ಎಂಟು ವರ್ಷದ ಹುಡುಗಿ. 250 ಟಾಕಾ ಬಹುಮಾನ ಪಡೆದಳು. ಜಗತ್ತಿನ ಕೊನೆಯ ಸಹಜ ರೋಗಿ ಸೊಮಾಲಿಯಾದ ಮೆರ್ಕಾ ಪಟ್ಟಣದ ಅಲಿ ಮಾವ್ ಮಾಲಿನ್, 1977ರ ಅಕ್ಟೋಬರ್. ಆಸ್ಪತ್ರೆಯ ಅಡುಗೆಯವನಾಗಿದ್ದೂ ಸೂಜಿಗೆ ಹೆದರಿ ಲಸಿಕೆ ತಪ್ಪಿಸಿಕೊಂಡಿದ್ದ. ಬದುಕಿ ಉಳಿದ ಆತ ಮುಂದೆ ಪೋಲಿಯೋ ಲಸಿಕೆಗಾಗಿ ಮನೆಮನೆಗೆ ಹೋಗಿ ತನ್ನ ಕಥೆಯನ್ನೇ ಹೇಳುತ್ತಿದ್ದ. 2013ರಲ್ಲಿ ಆ ಕೆಲಸದಲ್ಲಿದ್ದಾಗಲೇ ಮಲೇರಿಯಾದಿಂದ ತೀರಿಕೊಂಡ.

ಈ ಪಾಠವನ್ನು ಜಗತ್ತು ಎಷ್ಟು ಬೇಗ ಮರೆಯಿತು ಎಂಬುದು 2014ರಲ್ಲಿ ಪಶ್ಚಿಮ ಆಫ್ರಿಕಾದ ಎಬೋಲಾ ರೋಗದಲ್ಲಿ ಕಂಡಿತು. ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ವೆಸ್ಟ್ ಪಾಯಿಂಟ್ ಎಂಬ ಕೊಳೆಗೇರಿಯಿದೆ. ಆಗಸ್ಟ್‌ನಲ್ಲಿ ಸರ್ಕಾರ ಅದಕ್ಕೆ ಸೈನಿಕರ ಬೇಲಿ ಹಾಕಿತು. ಗಲಭೆಯಲ್ಲಿ ಒಬ್ಬ ಹುಡುಗ ಗುಂಡಿಗೆ ಬಲಿಯಾದ. ಜನ ರೋಗಿಗಳನ್ನು ಅಡಗಿಸಿದರು. ಬೇಲಿ ತೆಗೆದ ಮೇಲೆ ಅಲ್ಲಿನ ನಿವಾಸಿಗಳೇ ಗುಂಪು ಕಟ್ಟಿಕೊಂಡು ಮನೆಮನೆ ಹುಡುಕಿದರು. ಸೈನಿಕರಿಗೆ ಹೇಳದಿದ್ದುದನ್ನು ಪಕ್ಕದ ಮನೆಯವನಿಗೆ ಹೇಳಿದರು. ನೈಜೀರಿಯಾದಲ್ಲಿ ಅದೇ ವರ್ಷ 894 ಸಂಪರ್ಕಿತರನ್ನು ಪತ್ತೆಹಚ್ಚಿ, ಸುಮಾರು 18,500 ಸಲ ಅವರ ಮನೆಗಳಿಗೆ ಹೋಗಿ ವಿಚಾರಿಸಿ, ರೋಗವನ್ನು 20 ಮಂದಿಯಲ್ಲೇ ತಡೆದರು.

ಎಬೋಲಾದಲ್ಲಿ ಅತ್ಯಂತ ಕಠಿಣವಾದ ವಿಷಯ ಶವಸಂಸ್ಕಾರ. ಸತ್ತವರ ದೇಹವೇ ರೋಗದ ಮೂಲ. ತೊಳೆದು ಮುತ್ತಿಟ್ಟು ಕಳುಹಿಸುವುದು ಅವರ ಸಂಪ್ರದಾಯ. ಮನ್ರೋವಿಯಾದಲ್ಲಿ ಶವಗಳನ್ನು ಸುಡಲು ಆಜ್ಞೆಯಾದಾಗ ಜನ ರಾತ್ರಿ ಗುಟ್ಟಾಗಿ ಹೂಳತೊಡಗಿದರು. ಸಮಾಧಿಯ ಬಳಿ ನಿಂತು ಪ್ರಾರ್ಥನೆ ಹೇಳುವ ನನ್ನಂಥವರಿಗೆ ಅದರ ನೋವು ಅರ್ಥವಾಗುತ್ತದೆ. ಕೊನೆಗೆ 2014ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕಾರಿತಾಸ್, ಚರ್ಚುಗಳ ವಿಶ್ವ ಪರಿಷತ್ತು, ಇಸ್ಲಾಮಿಕ್ ರಿಲೀಫ್ ಮೊದಲಾದವರೊಂದಿಗೆ ಕುಳಿತು ಸುರಕ್ಷಿತವೂ ಗೌರವಯುತವೂ ಆದ ಸಂಸ್ಕಾರದ ಕ್ರಮವನ್ನು ಪ್ರಕಟಿಸಿತು. ಮನೆಯವರು ದೂರದಿಂದಲಾದರೂ ನೋಡಬಹುದು, ಗುರುಗಳು ಪ್ರಾರ್ಥಿಸಬಹುದು. ಆ ಮೇಲೆ ಸಾವುಗಳನ್ನು ಮುಚ್ಚಿಡುವ ಕಾರಣ ಕಡಿಮೆಯಾಯಿತು.

ನಮ್ಮಲ್ಲಿ? 2020ರ ಮಾರ್ಚ್‌ನಲ್ಲಿ ಕರ್ನಾಟಕದಲ್ಲಿ ವಿದೇಶದಿಂದ ಬಂದು ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನೇ ಪ್ರಕಟಿಸಲಾಯಿತು. ಬಾಗಿಲಿಗೆ ಚೀಟಿ ಅಂಟಿತು. ಚೀಟಿ ಅಂಟಿಸುವುದು ಕಡ್ಡಾಯವಲ್ಲ, ಸಂಬಂಧಪಟ್ಟ ಅಧಿಕಾರಿಯ ಆದೇಶವಿಲ್ಲದೆ ಅಂಟಿಸಬಾರದು ಎಂದು ಸುಪ್ರೀಂ ಕೋರ್ಟು ಹೇಳಿದ್ದು ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಿಗೆ ಹಾಲಿನವನೂ ಬರದಂತಾಗಿತ್ತು. ಮನೆ ಮನೆ ಸುತ್ತಿದ ಆಶಾ ಕಾರ್ಯಕರ್ತೆಯರ ಮೇಲೆ ಬೆಂಗಳೂರಿನಲ್ಲೇ ಹಲ್ಲೆಗಳಾಗಿದ್ದವು. ಯಾಜಕಕಾಂಡದ 13ನೆಯ ಅಧ್ಯಾಯದಲ್ಲಿ ಚರ್ಮರೋಗಿಯನ್ನು ಪರೀಕ್ಷಿಸುವವನು ಯಾಜಕನೇ. ಏಳು ದಿನ ಬೇರೆಯಾಗಿರಿಸಿ ಮತ್ತೆ ನೋಡಬೇಕು. ಗುಣವಾದವನನ್ನು ಅದೇ ಯಾಜಕ ಪಾಳೆಯದಾಚೆಗೆ ಹೋಗಿ ನೋಡಿ, ವಿಧಿಪೂರ್ವಕ ಒಳಗೆ ಕರೆತರುವುದು 14ನೆಯ ಅಧ್ಯಾಯ. ನಮಗೆ ಹದಿಮೂರು ನೆನಪಿರುತ್ತದೆ, ಹದಿನಾಲ್ಕು ಮರೆತುಹೋಗುತ್ತದೆ.

ಇಂದು ನಮ್ಮ ಮುಂದಿರುವುದು ಕ್ಷಯರೋಗ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಭಾರತದಲ್ಲೇ ಇದ್ದಾರೆ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆಯಾಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ರೋಗ ಖಚಿತವಾದರೆ ಮನೆಯವರೆಲ್ಲರನ್ನೂ ಪರೀಕ್ಷಿಸಬೇಕು, ರೋಗವಿಲ್ಲದವರಿಗೆ ತಡೆಗಟ್ಟುವ ಔಷಧವಿದೆ. ರೋಗಿಯ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ಆಗಿದೆ. ಇಷ್ಟಿದ್ದೂ ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಕೆಮ್ಮನ್ನು 'ಧೂಳಿನ ಅಲರ್ಜಿ' ಎನ್ನುತ್ತಾರೆ.

ನಮ್ಮ ಕಿರು ಕ್ರೈಸ್ತ ಸಮುದಾಯಗಳಲ್ಲಿ ಯಾರ ಮನೆಯಲ್ಲಿ ಯಾರು ಕೆಮ್ಮುತ್ತಿದ್ದಾರೆ ಎಂಬುದು ವಾರದ ಪ್ರಾರ್ಥನೆಗೆ ಹೋಗುವ ತಾಯಂದಿರಿಗೆ ಗೊತ್ತು. ವಿನ್ಸೆಂಟ್ ದೆ ಪೌಲ್ ಸಭೆಯವರಿಗೆ ಯಾವ ಮನೆಯಲ್ಲಿ ಅಕ್ಕಿ ಮುಗಿದಿದೆ ಎಂದು ಗೊತ್ತು. ಪಟ್ಟಿ ಬರೆಯುವುದು, ಔಷಧ ಕೊಡುವುದು ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಕೇಂದ್ರದ ಕೆಲಸ. ಅದನ್ನು ನಾವು ಕೈಗೆತ್ತಿಕೊಳ್ಳಬೇಕಿಲ್ಲ. ಆಕೆಯನ್ನು ಮನೆಗೆ ಕರೆದೊಯ್ದು ಪರಿಚಯಿಸುವುದು, ಕಫ ಪರೀಕ್ಷೆಯ ದಿನ ರೋಗಿಯ ಜೊತೆ ಬಸ್ಸು ಹತ್ತುವುದು, ಆರು ತಿಂಗಳ ಮಾತ್ರೆ ಮೂರನೆಯ ತಿಂಗಳಲ್ಲಿ ನಿಲ್ಲದಂತೆ ಹೋಗಿ ಮಾತನಾಡಿಸುವುದು – ಇವು ನಮ್ಮಿಂದ ಆಗುವಂಥವು. ಹೆಸರನ್ನು ಮಾತ್ರ ಪ್ರಾರ್ಥನಾಕೂಟದಲ್ಲಿ ಎತ್ತಬೇಡಿ. ರೋಗಿಯೇ ಕೇಳಿಕೊಂಡರೆ ಆಗ ಆ ಮಾತು ಬೇರೆ.