ಹೋಲ್ಟ್ ದಂಪತಿಗಳು ತೆರೆದ ಬಾಗಿಲು

1953ರ ಜುಲೈನಲ್ಲಿ ಕೊರಿಯಾದ ಯುದ್ಧ ನಿಂತಿತು. ಯುದ್ಧಕೈದಿಗಳ ವಾಪಸಾತಿಗಾಗಿ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು ಅಧ್ಯಕ್ಷರಾಗಿದ್ದುದನ್ನು ಕನ್ನಡಿಗರಾದ ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಕೈದಿಗಳ ಭವಿಷ್ಯ ವಿಚಾರಿಸಲು ಒಂದು ಆಯೋಗವಿತ್ತು. ಅನಾಥಾಲಯಗಳಲ್ಲಿ ತುಂಬಿದ್ದ ಮಕ್ಕಳಿಗೆ ಅಂಥದೇನೂ ಇರಲಿಲ್ಲ. ಅವರಲ್ಲಿಯೂ ಕೊರಿಯಾದ ತಾಯಂದಿರಿಗೆ ವಿದೇಶಿ ಸೈನಿಕರಿಂದ ಜನಿಸಿದ ಮಕ್ಕಳ ಪಾಡು ಇನ್ನೂ ಕಠಿಣವಾಗಿತ್ತು. ತಂದೆಯ ವಂಶವೇ ಗುರುತಾಗಿದ್ದ ಆ ಸಮಾಜದಲ್ಲಿ ಅವರಿಗೆ ನೆಲೆಯಿರಲಿಲ್ಲ.

1954ರ ಕೊನೆಯಲ್ಲಿ ಅಮೆರಿಕದ ಆರಿಗನ್ ರಾಜ್ಯದ ಯೂಜೀನ್ ನಗರದಲ್ಲಿ ಈ ಮಕ್ಕಳನ್ನು ಕುರಿತ ಚಲನಚಿತ್ರವೊಂದು ಪ್ರದರ್ಶಿತವಾಯಿತು. ನೋಡಿದವರಲ್ಲಿ ಕ್ರೆಸ್‌ವೆಲ್ ಊರಿನ ರೈತ ಹ್ಯಾರಿ ಹೋಲ್ಟ್, ಅವರ ಪತ್ನಿ ಬರ್ತಾ ಇದ್ದರು. ದಂಪತಿಗಳಿಗೆ ಆಗಲೇ ಆರು ಮಕ್ಕಳು. ವಯಸ್ಸು ಐವತ್ತರ ಆಸುಪಾಸು. ಹ್ಯಾರಿ ತೀವ್ರ ಹೃದಯಾಘಾತದಿಂದ ಬದುಕುಳಿದವರು. ವೈದ್ಯರಾದ ನಾವಾಗಿದ್ದರೆ ವಿಶ್ರಾಂತಿಯನ್ನೇ ವಿಧಿಸುತ್ತಿದ್ದೆವು. ಅವರಾದರೋ ಉಳಿದ ಆಯುಷ್ಯ ದೇವರ ಕಾರ್ಯಕ್ಕೆ ಮೀಸಲೆಂದು ನಂಬಿ, ಎಂಟು ಮಕ್ಕಳನ್ನು ದತ್ತು ಪಡೆಯಲು ನಿಶ್ಚಯಿಸಿದರು.

ಅಂದಿನ ಕಾನೂನಿನಂತೆ ಒಂದು ಕುಟುಂಬ ಇಬ್ಬರು ವಿದೇಶಿ ಅನಾಥರನ್ನು ಮಾತ್ರ ಕರೆತರಬಹುದಿತ್ತು. ಹ್ಯಾರಿ ಕೊರಿಯಾದಲ್ಲಿ ಮಕ್ಕಳನ್ನು ಅರಸುತ್ತಿರಲು, ಬರ್ತಾ ಊರಿನಲ್ಲಿದ್ದುಕೊಂಡೇ ಕಾಂಗ್ರೆಸ್ಸಿನ ಬೆಂಬಲಕ್ಕಾಗಿ ಶ್ರಮಿಸಿದರು. 1955ರಲ್ಲಿ ವಿಶೇಷ ಮಸೂದೆ ಅಂಗೀಕಾರವಾಯಿತು. ಅಕ್ಟೋಬರಿನಲ್ಲಿ ಎಂಟು ಮಕ್ಕಳು ಮನೆ ಸೇರಿದರು. ಸುದ್ದಿ ಹಬ್ಬಿ, ನೂರಾರು ದಂಪತಿಗಳು ತಮಗೂ ಮಗು ಬೇಕೆಂದು ಬರೆದರು. 1956ರಲ್ಲಿ ಹೋಲ್ಟ್ ದತ್ತು ಕಾರ್ಯಕ್ರಮ ಆರಂಭವಾಯಿತು.

ಇಲ್ಲಿಂದ ಇತಿಹಾಸ ಜಟಿಲವಾಗುತ್ತದೆ. ತಂದೆತಾಯಿಯರಾಗುವವರು ಮಗುವನ್ನು ನೋಡದೆಯೇ, ಪ್ರತಿನಿಧಿಯ ಮೂಲಕ ದತ್ತು ಮುಗಿಸುವ ಪದ್ಧತಿ ಬಳಕೆಗೆ ಬಂದಿತು. ದಂಪತಿಗಳ ಆಯ್ಕೆಯಲ್ಲಿ ಧರ್ಮಶ್ರದ್ಧೆಗೆ ಪ್ರಾಧಾನ್ಯವಿತ್ತು. ಮನೆಯ ತನಿಖೆ ಸಾಲದೆಂದು ಸಮಾಜಸೇವಾ ತಜ್ಞರು ಆಕ್ಷೇಪಿಸಿದರು. 1964ರಲ್ಲಿ ಹ್ಯಾರಿ ಕೊರಿಯಾದಲ್ಲಿಯೇ ತೀರಿಕೊಂಡರು. ಬರ್ತಾ 2000ದವರೆಗೆ ಬದುಕಿದ್ದರು. ಮುಂದಿನ ದಶಕಗಳಲ್ಲಿ ಹಲವು ಸಂಸ್ಥೆಗಳ ಮೂಲಕ ಕೊರಿಯಾದಿಂದ ಸುಮಾರು ಎರಡು ಲಕ್ಷ ಮಕ್ಕಳು ವಿದೇಶಗಳಿಗೆ ಹೋದರೆಂದು ಅಂದಾಜು. ತಂದೆತಾಯಿಯರಿದ್ದ ಕೆಲವು ಮಕ್ಕಳನ್ನೂ ಅನಾಥರೆಂದು ದಾಖಲಿಸಲಾಗಿತ್ತು. 2025ರ ಮಾರ್ಚಿನಲ್ಲಿ ದಕ್ಷಿಣ ಕೊರಿಯಾದ ಸತ್ಯ ಮತ್ತು ಸಾಮರಸ್ಯ ಆಯೋಗವು ಮಕ್ಕಳ ಹಕ್ಕುಗಳ ಉಲ್ಲಂಘನೆಗೆ ಸರ್ಕಾರವನ್ನೇ ಹೊಣೆಯಾಗಿಸಿ, ಕ್ಷಮೆ ಯಾಚಿಸುವಂತೆ ಶಿಫಾರಸು ಮಾಡಿತು.

ಚಿಕಿತ್ಸಾಲಯದಲ್ಲಿ ನಾವು ಪ್ರತಿ ರೋಗಿಗೂ ಕೇಳುತ್ತೇವೆ: ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಹೃದ್ರೋಗ, ಮಧುಮೇಹ, ಕ್ಯಾನ್ಸರ್ ಉಂಟೇ? ದತ್ತು ಬಂದವರಲ್ಲಿ ಅನೇಕರು ಈ ಪ್ರಶ್ನೆಯೆದುರು ಮೌನವಾಗುತ್ತಾರೆ. ಪ್ರೀತಿಯಿಂದ ಸಾಕಿದ ಮನೆಯೂ ಆ ಖಾಲಿ ಸಾಲನ್ನು ತುಂಬಲಾರದು.

ಭಾರತದಲ್ಲಿ 1984ರ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದೇಶಿ ದತ್ತುವಿಗೆ ಕಟ್ಟುನಿಟ್ಟಿನ ನಿಯಮಗಳನ್ನು ವಿಧಿಸಿ, ಮಗುವಿಗೆ ಮೊದಲು ಸ್ವದೇಶದಲ್ಲಿಯೇ ಮನೆ ಹುಡುಕಬೇಕೆಂದಿತು. 2003ರಲ್ಲಿ ಭಾರತ ಹೇಗ್ ಒಪ್ಪಂದವನ್ನು ಅನುಮೋದಿಸಿತು. ಇಂದು ಹೊರನಾಡಿನಿಂದ ದತ್ತು ಬಯಸುವ ಕನ್ನಡ ದಂಪತಿಗಳೂ ಕೇಂದ್ರ ದತ್ತು ಪ್ರಾಧಿಕಾರದ ಮೂಲಕವೇ ಸಾಗಬೇಕು. ಕಾಯುವಿಕೆ ದೀರ್ಘವೆಂದು ಮನಸ್ಸು ಬೇಸರಗೊಳ್ಳುವುದು ಸಹಜ. ಆದರೆ ಆ ಕಾಗದಗಳು ಮಗುವಿನ ಆಸ್ತಿ. ಹೋಲ್ಟ್ ದಂಪತಿಗಳ ಕರುಣೆಯನ್ನು ನಾವು ಗೌರವಿಸೋಣ. ಕರುಣೆಯ ಅವಸರದಲ್ಲಿ ಮಗುವಿನ ಮೂಲ ಅಳಿಸಿಹೋಗದಂತೆ ಎಚ್ಚರವಹಿಸುವುದನ್ನೂ ಅದೇ ಧರ್ಮದ ಭಾಗವೆಂದು ಭಾವಿಸೋಣ.