ಎರಡನೆಯ ಯಜಮಾನನ ಕಾರು

ಷೋರೂಮಿನ ಗೇಟು ದಾಟಿದ ಕ್ಷಣದಿಂದಲೇ ಕಾರಿನ ಬೆಲೆ ಇಳಿಯತೊಡಗುತ್ತದೆ ಎಂಬುದು ಇಂದು ಎಲ್ಲರಿಗೂ ಗೊತ್ತಿರುವ ಲೆಕ್ಕ. ನಮ್ಮ ದೇಶದಲ್ಲಿ ಈ ಲೆಕ್ಕ ಬಹುಕಾಲ ತಲೆಕೆಳಗಾಗಿತ್ತು. 1960 ಮತ್ತು 70ರ ದಶಕಗಳಲ್ಲಿ ಹೊಸ ಫಿಯಟ್ ಪಡೆದ ಅದೃಷ್ಟವಂತ ಅದನ್ನು ಒಂದಷ್ಟು ದಿನ ಓಡಿಸಿ ಮಾರಿದರೆ, ಕೊಟ್ಟ ಹಣಕ್ಕಿಂತ ಹೆಚ್ಚೇ ಕೈಗೆ ಬರುತ್ತಿತ್ತು. ಈ ವಿಚಿತ್ರವನ್ನು ಅರಿಯದೆ ನಮ್ಮ ಹಳೆಯ ಕಾರುಗಳ ಪೇಟೆಯಾಗಲಿ, ಅವುಗಳ ಹರಿದ ಸೀಟುಗಳನ್ನು ಹೊಲಿದು ಬದುಕಿದವರ ಕಸುಬಾಗಲಿ ಅರ್ಥವಾಗುವುದಿಲ್ಲ.

ಪೂರ್ಣ ತಯಾರಾದ ಕಾರುಗಳ ಆಮದನ್ನು ಸರ್ಕಾರ 1949ರಲ್ಲಿ ನಿಲ್ಲಿಸಿತು. 1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ವಿದೇಶದಿಂದ ಬಿಡಿಭಾಗ ತರಿಸಿ ಬರೀ ಜೋಡಿಸುವವರಿಗೆ ಇಲ್ಲಿ ಜಾಗವಿಲ್ಲ ಎಂದಾಯಿತು. 1928ರಿಂದ ಮುಂಬಯಿಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿತು, ಫೋರ್ಡ್ ಕೂಡ. ಕಾರು ತಯಾರಕರಲ್ಲಿ ಮುಖ್ಯವಾಗಿ ಉಳಿದವರು ಮೂವರು: ಕೋಲ್ಕತ್ತಾ ಬಳಿಯ ಹಿಂದುಸ್ತಾನ್ ಮೋಟಾರ್ಸ್, ಮುಂಬಯಿಯ ಪ್ರೀಮಿಯರ್, ಮದರಾಸಿನ ಸ್ಟಾಂಡರ್ಡ್. ಪ್ರೀಮಿಯರ್ ಸ್ಥಾಪಿಸಿದ ವಾಲ್‌ಚಂದ್ ಹೀರಾಚಂದ್ ಅದಕ್ಕೂ ಮೊದಲು ಸರ್ ಎಂ. ವಿಶ್ವೇಶ್ವರಯ್ಯನವರ ಜೊತೆಗೂಡಿ ಮೈಸೂರು ಸಂಸ್ಥಾನದಲ್ಲಿ ಕಾರು ಕಾರ್ಖಾನೆ ಕಟ್ಟಲು ಓಡಾಡಿದ್ದರು. ಬ್ರಿಟಿಷ್ ಸರ್ಕಾರ ಒಪ್ಪಿದ್ದರೆ ಫಿಯಟ್ಟಿನ ಕಥೆ ಬೆಂಗಳೂರಿನ ಕಥೆಯೂ ಆಗಬಹುದಿತ್ತೇನೋ!

ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು 30ರಿಂದ 40 ಸಾವಿರ ಕಾರು ತಯಾರಾಗುತ್ತಿದ್ದ ಕಾಲವದು. ಹಣ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕು. 1969ರಲ್ಲಿ ಹೊಸ ಕಾರಿನ ದರವನ್ನೂ ಸರ್ಕಾರವೇ ಗೊತ್ತುಮಾಡಿತು. ಹಳೆಯ ಕಾರಿಗೆ ಅಂಥ ಕಡಿವಾಣವಿರಲಿಲ್ಲ. ಅದೇ ಹೊತ್ತಿಗೆ, 1970ರಲ್ಲಿ, ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಮಾರಾಟವನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಒಳ್ಳೆಯ ಕಾರಿಗೂ ತಕ್ಕ ಬೆಲೆ ಸಿಗದು ಎಂಬುದು ಅವರ ವಾದ. 2001ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮಲ್ಲಾದರೋ ಕೊಳ್ಳುವವನಿಗೆ ದೋಷ ಗೊತ್ತಿದ್ದರೂ ಕೊಳ್ಳುತ್ತಿದ್ದ. ಏಕೆಂದರೆ ಅವನು ಕಾರಿನ ಜೊತೆಗೆ ಸರದಿಯಿಂದ ಬಿಡುಗಡೆಯನ್ನೂ ಕೊಳ್ಳುತ್ತಿದ್ದ.

ಹೀಗೆ ಕೈಯಿಂದ ಕೈಗೆ ದಾಟಿದ ಅಂಬಾಸಿಡರ್, ಫಿಯಟ್‌ಗಳ ಒಳಾಂಗಣವನ್ನು ನೆನಪಿಸಿಕೊಳ್ಳಿ. ಮುಂದೆಯೂ ಬೆಂಚಿನಂಥ ಒಂದೇ ಉದ್ದನೆಯ ಸೀಟು. ಗೇರ್ ದಂಡ ನೆಲದಲ್ಲಿಲ್ಲ, ಸ್ಟೀರಿಂಗ್ ಕಂಬದ ಪಕ್ಕದಲ್ಲಿ. ಹಾಗಾಗಿ ಡ್ರೈವರನ ಪಕ್ಕ ಇಬ್ಬರು, ಮದುವೆಯ ದಿನಗಳಲ್ಲಿ ಮೂವರು! ಈ ಏರ್ಪಾಡಿನಿಂದ ಜಾಗ ಉಳಿಯಿತು, ತೊಂದರೆ ಬೆಳೆಯಿತು. ಕಂಬದ ದಂಡದಿಂದ ಗೇರ್ ಪೆಟ್ಟಿಗೆಯವರೆಗೆ ಹೋಗುವ ಸರಳುಗಳ ಬುಷ್‌ಗಳು ಸವೆದರೆ ದಂಡ ಅಲ್ಲಾಡುತ್ತದೆ, ಒಮ್ಮೊಮ್ಮೆ ಎರಡು ಗೇರ್‌ಗಳ ನಡುವೆ ಸಿಕ್ಕಿಕೊಳ್ಳುತ್ತದೆ. ನಡುರಸ್ತೆಯಲ್ಲಿ ಬಾನೆಟ್ ಎತ್ತಿ ಸರಳನ್ನು ಕೈಯಿಂದ ಎಳೆದು ಸರಿಪಡಿಸುವ ವಿದ್ಯೆ ಆ ಕಾಲದ ಡ್ರೈವರುಗಳಿಗೆಲ್ಲ ಕರಗತವಾಗಿತ್ತು. ಕ್ಲಚ್ ಪರೀಕ್ಷೆಯೂ ಸರಳ: ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ ಕ್ಲಚ್ ಮೆಲ್ಲನೆ ಬಿಡುವುದು. ಎಂಜಿನ್ ನಿಂತರೆ ಕ್ಲಚ್ ಗಟ್ಟಿ. ನಿಲ್ಲದೆ ಗುರುಗುಟ್ಟಿದರೆ ಖರ್ಚು ಕಾದಿದೆ.

ಮೀಟರನ್ನು ಮಾತ್ರ ಯಾರೂ ನಂಬುತ್ತಿರಲಿಲ್ಲ. ಸಾಮಾನ್ಯವಾಗಿ ಅದರಲ್ಲಿದ್ದುದು ಐದು ಅಂಕಿ. 99,999 ದಾಟಿದರೆ ಮತ್ತೆ ಸೊನ್ನೆ. ನಿಜ ಹೇಳುತ್ತಿದ್ದವು ಪೆಡಲಿನ ರಬ್ಬರು, ಗೇರ್ ಗುಂಡಿನ ನುಣುಪು, ಡ್ರೈವರ್ ಹತ್ತಿ ಇಳಿಯುವ ಕಡೆಯ ಸೀಟಿನ ಅಂಚು. ಹಾಗೆಯೇ ಕಾಲಡಿಯ ಮ್ಯಾಟು ಎತ್ತಿ ನೋಡಬೇಕಿತ್ತು. ಗಾಜಿನ ಸುತ್ತಲ ರಬ್ಬರು ಒಣಗಿ ಬಿರಿದರೆ ಮಳೆನೀರು ಒಳಗಿಳಿದು ನೆಲದ ತಗಡಿಗೆ ತುಕ್ಕು ಹಿಡಿಯುತ್ತದೆ. ಅಂಬಾಸಿಡರ್ ಮತ್ತು ಫಿಯಟ್ ಎರಡಕ್ಕೂ ಲಾರಿಯಂತೆ ಪ್ರತ್ಯೇಕ ಷಾಸಿ ಇಲ್ಲ; ನೆಲದ ತಗಡೂ ಕಾರಿನ ಭಾರ ಹೊರುತ್ತದೆ. ಆದ್ದರಿಂದ ಮೊದಲು ನೀರು ಸೋರುವುದನ್ನು ನಿಲ್ಲಿಸಿ, ತಗಡಿಗೆ ಬೆಸುಗೆ ಹಾಕಿಸಿ, ಆಮೇಲೆ ಸೀಟಿಗೆ ಬರಬೇಕು. ಈ ಕ್ರಮ ತಪ್ಪಿಸಿ ಮೊದಲು ಹೊಸ ಕವರ್ ಹಾಕಿಸುವವರು ಅಂದೂ ಇದ್ದರು, ಇಂದೂ ಇದ್ದಾರೆ.

ಸೀಟಿನ ಬಟ್ಟೆಗೂ ಒಂದು ಚರಿತ್ರೆಯಿದೆ. ನಾವು ರೆಕ್ಸಿನ್ ಎನ್ನುವುದು ಮೂಲತಃ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಊರಿನ ಕಂಪನಿಯ ವ್ಯಾಪಾರನಾಮ. ಬಟ್ಟೆಗೆ ನೈಟ್ರೊಸೆಲ್ಯುಲೋಸ್ ಲೇಪಿಸಿ, ಚರ್ಮದ ಗೆರೆಗಳ ಅಚ್ಚೊತ್ತಿ ಮಾಡುತ್ತಿದ್ದ ಅಗ್ಗದ ಚರ್ಮವದು. ಕಂಪನಿ ಮರೆಯಾದರೂ ಹೆಸರು ಉಳಿದು, ಪಿವಿಸಿ ಲೇಪದ ಬಟ್ಟೆಗೂ ನಮ್ಮಲ್ಲಿ ರೆಕ್ಸಿನ್ ಎಂದೇ ಹೆಸರಾಯಿತು. ಕುಷನ್ ಕೆಲಸದವನು ಹಳೆಯ ಕವರನ್ನು ಎಸೆಯುತ್ತಿರಲಿಲ್ಲ. ಹೊಲಿಗೆ ಬಿಚ್ಚಿ, ಒಂದೊಂದು ತುಂಡನ್ನೂ ಹೊಸ ರೆಕ್ಸಿನ್ ಮೇಲಿಟ್ಟು ಸೀಮೆಸುಣ್ಣದಿಂದ ಗುರುತು ಹಾಕಿ ಕತ್ತರಿಸುತ್ತಿದ್ದ. ಕುಸಿದ ಸ್ಪ್ರಿಂಗನ್ನು ಕಟ್ಟಿ, ಮೇಲೆ ನಾರಿನ ಪದರ ಹೊದಿಸಿ, ಅಂಚಿಗೆ ಪೈಪಿಂಗ್ ಕೊಟ್ಟು ಬಿಗಿಯುತ್ತಿದ್ದ. ಜೋತುಬಿದ್ದ ಚಾವಣಿ ಬಟ್ಟೆಯನ್ನು ಬಾಗಿದ ಕಂಬಿಗಳಿಗೆ ಪೋಣಿಸಿ ಸುಕ್ಕಿಲ್ಲದಂತೆ ಎಳೆಯುವುದು ಇನ್ನೂ ಕಷ್ಟದ ಕೆಲಸ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳೂ, ಬಾಗಿಲಿನ ಹಿಡಿಕೆಯಿಂದ ಡೈನಮೊವರೆಗೆ ಬಿಡಿಭಾಗ ಸಿಗುತ್ತಿದ್ದ ಶಿವಾಜಿನಗರದ ಗುಜರಿಯೂ ಹೆಸರಾದದ್ದು ಇಂಥ ಕೆಲಸಗಳಿಂದಲೇ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಬಿಡಿ ಸೀಟುಗಳು, ನೆಲದ ಗೇರ್. 1990ರ ದಶಕದಲ್ಲಿ ಸರದಿ ಕರಗಿತು, ಹಳೆಯ ಕಾರು ಹಳೆಯದರ ಬೆಲೆಗೆ ಇಳಿಯಿತು. 2001ರಲ್ಲಿ ಮಾರುತಿ ಕಂಪನಿಯೇ ಹಳೆಯ ಕಾರುಗಳ ಮಳಿಗೆ ತೆರೆಯಿತು. ಪದ್ಮಿನಿಯ ತಯಾರಿಕೆ ಶತಮಾನದ ತಿರುವಿನಲ್ಲಿ, ಅಂಬಾಸಿಡರ್‌ನದು 2014ರಲ್ಲಿ ನಿಂತಿತು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳೂ ರಸ್ತೆಯಿಂದ ಸರಿದವು.

ಇನ್ನುಳಿದಿರುವ ಖಾಸಗಿ ಕಾರುಗಳ ಪಾಡು ಈಗ ವಯಸ್ಸಿನ ಲೆಕ್ಕಕ್ಕೆ ಬಿದ್ದಿದೆ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಇದರ ಶುಲ್ಕ 2022ರಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2021ರ ನಿಯಮದಂತೆ ಐವತ್ತು ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಷಾಸಿ, ಬಾಡಿ, ಎಂಜಿನ್‌ಗಳು ಗಣನೀಯವಾಗಿ ಬದಲಾಗಿರಬಾರದು. 1974ರ ಅಂಬಾಸಿಡರ್‌ಗೆ ಆ ವಯಸ್ಸು 2024ರಲ್ಲಿ ತುಂಬಿತು. 1990ರ ಪದ್ಮಿನಿ ಕೊಂಡು ಸೀಟು ಹೊಲಿಸುತ್ತಿರುವವನು 2040ರವರೆಗೆ ಅದರ ನೆಲದ ತಗಡನ್ನು ಕಾಯಬೇಕು.