ಕವಿರಾಜಮಾರ್ಗವನ್ನು ಬರೆದವರು ಯಾರು?

ಕಳೆದ ರಾಜ್ಯೋತ್ಸವದಂದು ಕಾಸಿಮೇಡಿನ ನಾಲ್ಕಾರು ಕನ್ನಡ ಮನೆಗಳ ಮಕ್ಕಳನ್ನು ಸೇರಿಸಿ ರಸಪ್ರಶ್ನೆ ನಡೆಸಿದೆವು. ‘ಕವಿರಾಜಮಾರ್ಗದ ಕರ್ತೃ ಯಾರು?’ ಎಂದಾಗ ಒಬ್ಬ ಹುಡುಗ ‘ನೃಪತುಂಗ’ ಎಂದ, ಒಬ್ಬ ಹುಡುಗಿ ‘ಶ್ರೀವಿಜಯ’ ಎಂದಳು. ನಾವು ಹುಡುಗಿಗೆ ಅಂಕ ಕೊಟ್ಟೆವು. ಹಿರಿಯರೊಬ್ಬರಿಗೆ ಇದು ಸರಿಬರಲಿಲ್ಲ. ‘ಕನ್ನಡದ ಚಕ್ರವರ್ತಿಯ ಕೈಯಿಂದ ಪುಸ್ತಕವನ್ನೇ ಕಿತ್ತುಕೊಂಡಿರಲ್ಲ ಸ್ವಾಮಿ!’ ಎಂದರು. ಅವರ ಬೇಸರ ನಮಗೆ ಅರ್ಥವಾಗದೆ ಇಲ್ಲ. ಪರಸ್ಥಳದಲ್ಲಿ ನೆಲೆಸಿದವರಿಗೆ ಇಂಥ ಹೆಸರುಗಳೇ ಆಸ್ತಿ.

ಹತ್ತೊಂಬತ್ತನೆಯ ಶತಮಾನದವರೆಗೆ ಹಳಗನ್ನಡ ಕಾವ್ಯವೆಂದರೆ ಮಠ, ಬಸದಿ, ಮನೆಗಳಲ್ಲಿದ್ದ ಓಲೆಗರಿಯ ಕಟ್ಟು. ಓದುವವನು ರಾಗವಾಗಿ ಓದುತ್ತಿದ್ದ, ಬಲ್ಲವರು ಅರ್ಥ ಹೇಳುತ್ತಿದ್ದರು. ಕವಿ ಯಾವ ಶತಮಾನದವನೆಂಬ ಚಿಂತೆ ಯಾರಿಗೂ ಅಷ್ಟಾಗಿ ಇರಲಿಲ್ಲ. (ಆ ಓದಿನ ಸುಖವನ್ನು ಅಚ್ಚಿನ ಪುಸ್ತಕ ನಮಗೆ ಕೊಟ್ಟಿಲ್ಲವೆಂಬುದನ್ನೂ ಹೇಳಬೇಕು.) ಆಮೇಲೆ ಬಂದ ವಿದ್ವಾಂಸರು ಹಲವು ಪ್ರತಿಗಳನ್ನು ಒಟ್ಟಿಗೆ ಹರಡಿಕೊಂಡು ಪಾಠಾಂತರಗಳನ್ನು ಗುರುತಿಸಿದರು, ಕಾವ್ಯದ ಪಕ್ಕದಲ್ಲಿ ಶಾಸನಗಳನ್ನಿಟ್ಟು ನೋಡಿದರು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಬಂದಾಗ ಕವಿಗಳಿಗೆ ಒಂದು ಕಾಲಾನುಕ್ರಮವೇ ಏರ್ಪಟ್ಟಿತು.

ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು 1898ರಲ್ಲಿ ಸಂಪಾದಿಸಿ ಅಚ್ಚು ಮಾಡಿಸಿದರು. ಅದರಲ್ಲಿ ಬರುವ ‘ಅತಿಶಯಧವಳ’ ಎಂಬ ಬಿರುದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಶಾಸನಗಳಲ್ಲಿಯೂ ಇದ್ದುದರಿಂದ ಗ್ರಂಥದ ಕಾಲ ಒಂಬತ್ತನೆಯ ಶತಮಾನವೆಂದು ಗಟ್ಟಿಯಾಯಿತು. ಕರ್ತೃವೂ ನೃಪತುಂಗನೇ ಎಂದರು ಪಾಠಕರು. ಆದರೆ ಗ್ರಂಥವು ತನ್ನನ್ನು ನೃಪತುಂಗನಿಗೆ ‘ಅನುಮತ’ವಾದುದೆಂದು ಹೇಳಿಕೊಳ್ಳುತ್ತದೆ. ತಾನೇ ಬರೆದದ್ದಕ್ಕೆ ತಾನೇ ಒಪ್ಪಿಗೆ ಕೊಟ್ಟುಕೊಳ್ಳುವವರುಂಟೆ? ಈ ಒಂದು ಪದದ ಸುತ್ತ ದಶಕಗಳ ಚರ್ಚೆ ನಡೆದು, ಗ್ರಂಥದಲ್ಲಿಯೇ ಹೆಸರು ಕಾಣುವ ಆಸ್ಥಾನಕವಿ ಶ್ರೀವಿಜಯನ ಕಡೆಗೆ ಬಹುಮತ ವಾಲಿತು. ಎಂ. ವಿ. ಸೀತಾರಾಮಯ್ಯನವರ ಸಂಪಾದನೆ ಅವನ ಹೆಸರಿನಲ್ಲಿಯೇ ಇದೆ.

ಈ ಕೆಲಸದ ಒಂದು ಪಾಲು ನಮ್ಮ ಊರಿನಲ್ಲೇ ಆಗಿದೆಯೆಂದು ಎಷ್ಟು ಮಂದಿಗೆ ಗೊತ್ತು? ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೂ ಮದರಾಸಿಗೆ ಸೇರಿತ್ತಷ್ಟೆ. ಇಲ್ಲಿನ ವಿಶ್ವವಿದ್ಯಾನಿಲಯಕ್ಕೆ ಕನ್ನಡ ಹೊರಗಿನ ನುಡಿಯಾಗಿರಲಿಲ್ಲ. ಕಾಸಿಮೇಡಿನಿಂದ ಕಡಲ ದಂಡೆ ಹಿಡಿದು ಬಂದರು, ಕೋಟೆಗಳನ್ನು ದಾಟಿದರೆ ಚೇಪಾಕು. ಅಲ್ಲಿನ ವಿಶ್ವವಿದ್ಯಾನಿಲಯ 1930ರಲ್ಲಿ ಎ. ವೆಂಕಟರಾವ್ ಮತ್ತು ಎಚ್. ಶೇಷಯ್ಯಂಗಾರ್ಯರು ಸಂಪಾದಿಸಿದ ಕವಿರಾಜಮಾರ್ಗವನ್ನು ಪ್ರಕಟಿಸಿತು. ಕಿಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಸಂಪುಟಗಳು 1968ರಿಂದ ಹೊರಬಂದದ್ದೂ ಅಲ್ಲಿಂದಲೇ.

ಇನ್ನೊಂದು ಸಂಗತಿಯನ್ನು ಆ ಹಿರಿಯರಿಗೆ ಅಂದು ಹೇಳಲಾಗಲಿಲ್ಲ. ಕವಿರಾಜಮಾರ್ಗದ ಬಹಳಷ್ಟು ಪದ್ಯಗಳು ದಂಡಿಯ ಸಂಸ್ಕೃತ ‘ಕಾವ್ಯಾದರ್ಶ’ವನ್ನು ಅನುಸರಿಸಿದವೆಂದು ವಿದ್ವಾಂಸರು ಎರಡನ್ನೂ ಎದುರುಬದುರಿಟ್ಟು ತೋರಿಸಿದ್ದಾರೆ. ಓಲೆಯಲ್ಲಿ ಪಾಠ ಕೆಟ್ಟಿರುವಲ್ಲಿ ದಂಡಿಯ ಶ್ಲೋಕ ದಾರಿ ತೋರುವುದೂ ಉಂಟು. ‘ಅಂದರೆ ನಮ್ಮದಲ್ಲವೆ?’ ಎಂದು ಮತ್ತೆ ಮುನಿಯಬೇಕಾಗಿಲ್ಲ. ಎಲ್ಲಿ ಒಪ್ಪಿದ, ಎಲ್ಲಿ ಬಿಟ್ಟ, ಕನ್ನಡಕ್ಕೆಂದು ಎಲ್ಲಿ ಹೊಸದಾಗಿ ಹೇಳಿದ ಎಂಬುದು ಹೋಲಿಕೆಯಿಂದಲೇ ತಿಳಿದದ್ದು. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂಬ ಮಾತು, ನಾಡಿನ ಜನರ ಜಾಣ್ಮೆಯ ಹೊಗಳಿಕೆ, ಇವು ದಂಡಿಯಲ್ಲಿಲ್ಲ. ಅಂದಹಾಗೆ ಆ ದಂಡಿ ಪಲ್ಲವರ ಕಂಚಿಯವನು. ಇಲ್ಲಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಹೋಗಿ ಬರಬಹುದಾದ ಊರು.